ಅಲ್ಪಪ್ರಾಣ ಎತ್ತಿದ ಕೈ

ಇಪ್ಪತ್ತೆರಡು ವರ್ಷವಾದರೂ ಟಾರ್ಪಾಲಿನವನಿಗೆ ಆ ಬೋರ್ಡಿನ ಸಿಟ್ಟು ಇಳಿದಿರಲಿಲ್ಲ. ಬೋರ್ಡು ಉಳಿದಿರಲಿಲ್ಲ. ಅವತ್ತೇ ಸಂಜೆ ಅದನ್ನು ಕಿತ್ತು, ಕಾಲಲ್ಲಿ ಮೆಟ್ಟಿ ಎರಡು ತುಂಡು ಮಾಡಿ, ಕೋಳಿಗೂಡಿನ ಬಾಗಿಲಿಗೆ ಹೊಡೆದಿದ್ದ. ಆಮೇಲೆ ಕೋಳಿಗಳೂ ಹೋದವು, ಗೂಡೂ ಹೋಯಿತು. ಸಿಟ್ಟು ಮಾತ್ರ ನಿನ್ನೆ ಹೊಡೆದ ಮೊಳೆಯ ಹಾಗೆ ಅಲ್ಲಾಡದೆ ಕೂತಿತ್ತು.

ನಡೆದದ್ದು ಇಷ್ಟೇ. ಅವನು ಹೊಸದಾಗಿ ಅಂಗಡಿ ಹಾಕಿದ್ದ. ಲಾರಿಗೆ ಹೊದಿಸುವ ಟಾರ್ಪಾಲು, ಗೋದಾಮಿನ ಪರದೆ, ತೋಟದ ಬಲೆ ಇವನ್ನೆಲ್ಲ ಹೊಲಿದುಕೊಡುವ ಅಂಗಡಿ. 'ಭದ್ರ ಟಾರ್ಪಾಲ್' ಎಂದು ಹೆಸರು. ನಾಲ್ಕನೇ ಕ್ಲಾಸಿಗೆ ಶಾಲೆಯ ಋಣ ಹರಿದುಕೊಂಡವನು, ಆದರೂ ಹೆಸರನ್ನು ತಾನೇ ಚೀಟಿಯಲ್ಲಿ ಬರೆದು ಬೋರ್ಡು ಬರೆಯುವವನ ಕೈಗೆ ಕೊಟ್ಟ. ಚೀಟಿಯಲ್ಲಿ ಇದ್ದದ್ದು 'ಬದ್ರ'. ಬೋರ್ಡಿನ ಮೇಲೂ ಮೂಡಿದ್ದು 'ಬದ್ರ'.

ಅಂಗಡಿ ತೆರೆದ ದಿನ ಅಕ್ಕ ಬಂದಳು, ಅಕ್ಕನ ಜೊತೆ ಭಾವ ಬಂದರು. ಭಾವ ಶಾಲೆ ಮೇಷ್ಟ್ರು. ಹತ್ತಾರು ಜನ ನಿಂತಿದ್ದರು. ಭಾವ ಕನ್ನಡಕ ಏರಿಸಿ ಬೋರ್ಡು ನೋಡಿದರು, ಒಮ್ಮೆ ಕೆಮ್ಮಿದರು.

"ಟಾರ್ಪಾಲು ಭದ್ರವಾಗೇ ಇರ್ಬೋದು," ಅಂದರು. "ಆದ್ರೆ 'ಭ'ದ ಹೊಟ್ಟೆ ಸೀಳೋಕೆ ನಮ್ಮ ಭಾವಮೈದನಿಗೆ ಮನಸ್ಸು ಬಂದಿಲ್ಲ. ಪಾಪ, ಮಹಾಪ್ರಾಣ ಅಂದ್ರೆ ಇವನಿಗೆ ಆಗಿಬರಲ್ಲ. ಇವನು ಅಲ್ಪಪ್ರಾಣ!"

ನಿಂತವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ಅಕ್ಕನೂ ಸೆರಗು ಬಾಯಿಗೆ ಒತ್ತಿಕೊಂಡಳು. ಅಲ್ಲಿಗೆ ಮುಗಿಯಿತು, ಅಪ್ಪ ಅಮ್ಮ ಇಟ್ಟ ಹೆಸರು ಮೂಲೆ ಸೇರಿತು. ಲಾರಿ ಡ್ರೈವರುಗಳು "ಅಲ್ಪಪ್ರಾಣನ ಅಂಗಡಿ ಯಾವ ಕಡೆ?" ಎಂದೇ ಕೇಳಿಕೊಂಡು ಬಂದರು. 'ಅಲ್ಪ' ಅಂದರೇನು ಅಂತ ತಿಳಿಯುವುದಕ್ಕೆ ನಾಲ್ಕನೇ ಕ್ಲಾಸು ಸಾಕು.

ಭಾವ ಕೆಟ್ಟವರಲ್ಲ, ಕಷ್ಟ ಇದ್ದದ್ದೇ ಅಲ್ಲಿ. ಕೆಟ್ಟವರಾಗಿದ್ದರೆ ಒಂದು ಸಲ ಕೊರಳಪಟ್ಟಿ ಹಿಡಿದು ಮುಗಿಸಬಹುದಿತ್ತು. ಅಂಗಡಿಗೆ ಮೊದಲ ಮೂರು ಗಿರಾಕಿಗಳನ್ನು ಕರೆತಂದವರು ಅವರೇ. ಅವನಿಗೆ ಕಾಮಾಲೆಯಾದಾಗ ತಿಂಗಳು ಪೂರ್ತಿ ಮನೆಯಲ್ಲಿಟ್ಟುಕೊಂಡು ನೋಡಿಕೊಂಡವರೂ ಅವರೇ. ಆದರೆ ಗಂಜಿ ಕೊಡುವಾಗಲೂ "ಏಳೋ ಅಲ್ಪಪ್ರಾಣ" ಅಂದೇ ಎಬ್ಬಿಸಿದರು.

ಅವನ ಸಿಟ್ಟೋ, ಮೂಗಿನ ತುದಿಯಲ್ಲಿ ಚಾಪೆ ಹಾಸಿಕೊಂಡು ಮಲಗಿರುವಂಥದ್ದು. ಗಿರಾಕಿ ಚೌಕಾಸಿ ಮಾಡಿದರೆ ದಬ್ಬಳ ಎಸೆದು ಎದ್ದುಹೋಗುತ್ತಿದ್ದ. ಆದರೆ ಭಾವನ ಮುಂದೆ ಒಂದು ದಿನವೂ ಬಾಯಿ ತೆರೆಯಲಿಲ್ಲ. ನುಂಗಿದ್ದೆಲ್ಲ ಒಳಗೇ ಹುಳಿಯುತ್ತಾ ಇತ್ತು.

ಹೀಗಿರುವಾಗ ಬಾವಲಿಗಳ ತಕರಾರು ಎದ್ದಿತು.

ಪಟ್ಟಣದ ಅಂಚಿನಲ್ಲಿ, ಹಳೆಯ ಗೋದಾಮುಗಳ ಹಿಂದೆ, ಮೂರು ದೊಡ್ಡ ಮರಗಳಿದ್ದವು. ಅವುಗಳ ತುಂಬ ಬಾವಲಿ. ಮಳೆಗಾಲ ಮುಗಿದ ಮೇಲೆ ಟಾರ್ಪಾಲಿನವನು ತಂತಿಗೆ ಹಾಕಿ ಒಣಗಿಸುವ ಹರಕು ಚೂರುಗಳಂತೆ ಹಗಲೆಲ್ಲ ಜೋತಾಡುತ್ತಿದ್ದವು. ಅಜ್ಜಂದಿರ ಕಾಲದಿಂದಲೂ ಇದ್ದ ಜೀವ. ಆಗ ನೂರೋ ಇನ್ನೂರೋ ಇದ್ದದ್ದು ಈಗ ಸಾವಿರಗಟ್ಟಲೆ. ಹಣ್ಣಿನ ತೋಟದವರು ಬೆಳಗ್ಗೆ ಎದ್ದು ನೋಡಿದರೆ ಮರದ ಕೆಳಗೆ ಚೀಪಿ ಉಗಿದ ಸಿಪ್ಪೆ. ಗೋದಾಮಿನ ತಗಡಿನ ಮೇಲೆ ಹಿಕ್ಕೆ. ಕೊಲ್ಲಬೇಕು ಅಂತ ಕೆಲವರು, ಬೇಡ ಅಂತ ಕೆಲವರು. ಚಹಾದಂಗಡಿಯಲ್ಲಿ, ಬಸ್ಸಿನಲ್ಲಿ, ಕ್ಷೌರದ ಕುರ್ಚಿಯ ಮೇಲೆ ಎಲ್ಲೆಲ್ಲೂ ಅದೇ ಮಾತು. ಕೊನೆಗೆ ಪಟ್ಟಣದ ಆಡಳಿತದವರು ಒಂದು ಭಾನುವಾರ ಮಧ್ಯಾಹ್ನ ಸಭೆ ಕರೆದರು. ಬಂದೂಕೋ ಬಲೆಯೋ, ಬಂದವರು ಕೈ ಎತ್ತಿ ತೀರ್ಮಾನಿಸಬೇಕು.

ಸಭೆಗೆ ನಾಲ್ಕು ದಿನ ಮುಂಚೆ ಭಾವ ಅಂಗಡಿಗೆ ಬಂದರು. ನಿವೃತ್ತಿಯಾಗಿ ಆರು ವರ್ಷವಾಗಿತ್ತು. ಕೈಯಲ್ಲಿ ಮಾತ್ರ ಇನ್ನೂ ಮೇಷ್ಟ್ರ ಹಾಗೆ ಮಡಚಿದ ಕಾಗದ.

"ಹೊಡೆದ್ರೆ ಏನೂ ಉಪಯೋಗ ಇಲ್ಲ ಕಣೋ," ಅಂದರು, ಬಲೆಯ ಸುರುಳಿಯ ಮೇಲೆ ಕೂರುತ್ತ. "ಇವನ್ನ ಹೊಡೀತೀವಿ, ಇನ್ನೊಂದು ಕಡೆಯವು ಬರ್ತವೆ. ಖಾಲಿ ಮನೆಗೆ ಬಾಡಿಗೆಯವರು ಬರದೆ ಇರ್ತಾರಾ? ಬಲೆ ಹಾಕಿದ್ರೆ ಹಣ್ಣೂ ಉಳಿಯುತ್ತೆ, ಅವೂ ಉಳಿತವೆ. ಬಲೆಯ ಕೆಲಸ ಅಂದ್ರೆ ನಿನ್ನ ಹೊಟ್ಟೆಪಾಡೂ ಆಯ್ತಲ್ಲ. ನಮ್ಮ ಕಡೆ ಕೈ ಎತ್ತುತೀಯಾ ತಾನೆ?"

"ಎತ್ತುತೀನಿ ಭಾವ."

"ಮಾತು?"

"ಮಾತು."

ಆ ಕ್ಷಣಕ್ಕೆ ಅವನು ಹೇಳಿದ್ದು ಖರೆಯೇ. ಬೆರಳು ತೂರದಷ್ಟು ಸಣ್ಣ ಕಣ್ಣಿನ ಬಲೆಯನ್ನು ಚೌಕಟ್ಟಿಗೆ ಬಿಗಿದು, ಸಿಕ್ಕಿಬೀಳದಂತೆ, ಸಡಿಲವಾಗದಂತೆ ಹೊಲಿಯುವುದರಲ್ಲಿ ಅವನದು ಎತ್ತಿದ ಕೈ. ಮನಸ್ಸಿನಲ್ಲೇ ಎಷ್ಟು ಸುರುಳಿ ಬೇಕಾಗಬಹುದು ಅಂತ ಅಂದಾಜು ಹಾಕಿಯೂ ಇಟ್ಟಿದ್ದ.

ಸಭಾಭವನ ಕಿಕ್ಕಿರಿದಿತ್ತು. ಭಾವ ಮುಂದಿನ ಸಾಲಿನಲ್ಲಿ, ಅಕ್ಕ ಕಿಟಕಿ ಪಕ್ಕ ಅಡ್ಡಲಾಗಿ ಹಾಕಿದ್ದ ಬೆಂಚಿನ ಮೇಲೆ. ಅವನು ಕೊನೆಯ ಸಾಲಿನಲ್ಲಿ, ಕಂಬದ ಮರೆಯಲ್ಲಿ, ಕ್ಷೌರದವನ ಪಕ್ಕ ಕೂತ.

ಭಾವ ಎದ್ದು ಕಾಗದ ಬಿಚ್ಚಿ ಓದಿದರು. ಬಾವಲಿ ಬೀಜ ಎರಚದಿದ್ದರೆ ಗುಡ್ಡದ ಮೇಲಿನ ಅರ್ಧ ಮರ ಹುಟ್ಟುತ್ತಲೇ ಇರಲಿಲ್ಲ ಅಂದರು. ಆ ಗುಡ್ಡ ಬೋಳಾದ್ದರಿಂದಲೇ ಅವು ಪಟ್ಟಣಕ್ಕೆ ಇಳಿದಿವೆ ಅಂದರು. ಇದು ಅವುಗಳ ಎದೆಗೆ ಮರಿ ಕಚ್ಚಿಕೊಂಡಿರುವ ತಿಂಗಳು, ಒಂದು ಗುಂಡಿಗೆ ಎರಡು ಜೀವ ಅಂದರು.

ಸೀಬೆ ತೋಟದ ಹೆಂಗಸು ಎದ್ದು ನಿಂತಳು. "ಮೇಷ್ಟ್ರೇ, ನಿಮ್ಮ ಪಿಂಚಣಿಯನ್ನ ಬಾವಲಿ ತಿನ್ನಲ್ಲ. ನನ್ನ ಸೀಬೇನ ತಿನ್ನುತ್ತೆ. ಹೋದ ವರ್ಷ ಬುಟ್ಟಿ ಹಿಡಿದು ಹೋದೋಳು ಬರೀ ಬುಟ್ಟಿ ತಂದೆ. ನನ್ನ ಮಕ್ಕಳ ಜೀವ ಯಾರ ಲೆಕ್ಕದಲ್ಲಿ ಬರುತ್ತೆ?"

ಅವಳ ಮಾತಿನಲ್ಲಿ ಸುಳ್ಳೇನಿರಲಿಲ್ಲ. ಸಭೆ ಗುಜುಗುಟ್ಟಿತು.

"ಅಮ್ಮಾ, ನಿನ್ನ ಹಣ್ಣು ಉಳಿಸೋಕೇ ಬಲೆ ಬೇಕು ಅಂತಿರೋದು," ಅಂದರು ಭಾವ. "ಬಲೆಗೆ ದೂರ ಎಲ್ಲೂ ಹೋಗೋದು ಬೇಡ. ನಮ್ಮೋನೇ ಇದ್ದಾನೆ. ಅವನ ಅಕ್ಷರ ಹರಿದಿರ್ಬೋದು, ಹೊಲಿಗೆ ಹರಿಯಲ್ಲ. ಎಲ್ಲೋ ಅಲ್ಪಪ್ರಾಣ? ಎದ್ದು ನಿಲ್ಲೋ, ಜನ ನೋಡ್ಲಿ!"

ಭವನವೆಲ್ಲ ಘೊಳ್ಳೆಂದಿತು. ಎಪ್ಪತ್ತೈದು ಜನ. ಸೀಬೆ ತೋಟದವಳೂ ಅಳುವ ಮುಖದಲ್ಲೇ ನಕ್ಕಳು. ಕ್ಷೌರದವನು ಮೊಣಕೈಯಲ್ಲಿ ತಿವಿದ. "ಏಳಯ್ಯಾ, ಮೇಷ್ಟ್ರು ಹಾಜರಿ ತಗೋತಾ ಇದಾರೆ!"

ಅವನು ಏಳಲಿಲ್ಲ. ಕಿವಿಯಲ್ಲಿ ಕುದಿಯುವ ನೀರು ಹೊಯ್ದಂತಾಯಿತು. ಭಾವ ಹೊಗಳುವುದಕ್ಕೇ ಕರೆದದ್ದು ಅಂತ ಈಗ ಅವನಿಗೆ ಗೊತ್ತು, ಆಗಲೂ ಗೊತ್ತಿತ್ತು. ಗೊತ್ತಿದ್ದೂ ಮೈಯೆಲ್ಲ ಉರಿಯಿತು.

ಅಧ್ಯಕ್ಷರು ಮೇಜು ಕುಟ್ಟಿದರು. "ಬಂದೂಕಿಗೆ ಒಪ್ಪೋರು ಕೈ ಎತ್ತಿ."

ಅವನ ಕೈ ಎದ್ದಿತು. ಅದೂ ಹೇಗೆ, ಯಾರಿಗೋ ಬಾರಿಸುವುದಕ್ಕೆ ಎತ್ತಿದ ಹಾಗೆ ಸೆಟೆದುಕೊಂಡು. ಗುಮಾಸ್ತ ಸಾಲುಸಾಲಾಗಿ ಎಣಿಸಿಕೊಂಡು ಬಂದ. ಮೂವತ್ತೆಂಟು. ಆಮೇಲೆ ಬಲೆಗೆ ಒಪ್ಪುವವರು. ಆಗ ಅವನು ಎರಡೂ ಕೈಯನ್ನು ತೊಡೆಯ ಕೆಳಗೆ ಒತ್ತಿಕೊಂಡು ಕೂತಿದ್ದ. ಮೂವತ್ತೇಳು.

ಲೆಕ್ಕ ಅವನಿಗೆ ಬರುತ್ತಿತ್ತು. ಅಕ್ಷರ ಕೈಕೊಟ್ಟರೂ ಲೆಕ್ಕ ಕೈಕೊಟ್ಟಿರಲಿಲ್ಲ. ತನ್ನ ಒಂದು ಕೈ ಈ ಕಡೆಯಿಂದ ಆ ಕಡೆಗೆ ಹೋಗಿದ್ದರೆ ಅಲ್ಲಿ ಮೂವತ್ತೇಳು, ಇಲ್ಲಿ ಮೂವತ್ತೆಂಟು. ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬರುವುದಿಲ್ಲ ಅನ್ನುತ್ತಾರೆ. ಅವನಿಗೆ ಶಾಂತವಾಗುವಷ್ಟೂ ಹೊತ್ತು ಹಿಡಿಯಲಿಲ್ಲ. ಗುಮಾಸ್ತ ಸಂಖ್ಯೆ ಓದಿ ಮುಗಿಸುವ ಮೊದಲೇ ಮೂಗು ಹೋದದ್ದು ಗೊತ್ತಾಗಿತ್ತು.

ಹೊರಗೆ ಮೆಟ್ಟಿಲ ಮೇಲೆ ಭಾವ ಅವನ ಹೆಗಲ ಮೇಲೆ ಕೈ ಇಟ್ಟರು. "ಒಂದೇ ಒಂದು ಕೈ ಕಡಿಮೆಯಾಯ್ತು ನೋಡೋ. ಹೋಗ್ಲಿ, ನೀನಾದ್ರೂ ಮಾತು ಉಳಿಸಿಕೊಂಡೆ."

ಅವರು ಒಮ್ಮೆಯೂ ಹಿಂದೆ ತಿರುಗಿ ನೋಡಿರಲಿಲ್ಲ. ಭಾವಮೈದ ಮಾತು ಕೊಟ್ಟ ಮೇಲೆ ನೋಡುವುದೇನು? ಅಲ್ಲೇ ಹೇಳಿಬಿಡಬಹುದಿತ್ತು, ಇಲ್ಲ ಭಾವ, ಆ ಕೈ ನಂದೇ ಅಂತ. ಅಷ್ಟರಲ್ಲಿ ಅಕ್ಕ ಬಂದಳು. ಅವನ ಮುಖವನ್ನೇ ನೋಡಿದಳು. ಆ ಕಿಟಕಿ ಬೆಂಚಿನಿಂದ ಕಂಬದ ಹಿಂಭಾಗ ಚೆನ್ನಾಗಿ ಕಾಣುತ್ತದೆ ಅನ್ನುವುದು ಅವನಿಗೆ ಆಗ ಹೊಳೆಯಿತು.

ಮುಂದಿನ ವಾರ ಆಡಳಿತದ ಮೇಸ್ತ್ರಿ ಅಂಗಡಿಗೆ ಬಂದ. ಸತ್ತ ಬಾವಲಿ ಹುಲ್ಲಿನಲ್ಲಿ ಕಳೆದುಹೋಗಿ ನಾರಬಾರದು, ಮರದ ಕೆಳಗೆ ಹಾಸುವುದಕ್ಕೆ ದೊಡ್ಡ ಟಾರ್ಪಾಲು ಬೇಕು, ಜೊತೆಗೆ ಹಾಸಿ ಮಡಚುವುದಕ್ಕೆ ಅವನೂ ಬೇಕು. ಆಗಲ್ಲ ಅನ್ನಬಹುದಿತ್ತು. ಆದರೆ ಕೈ ಎತ್ತಿದವನು ಯಾವ ಬಾಯಲ್ಲಿ ಆಗಲ್ಲ ಅನ್ನುವುದು? ಕ್ಷೌರದವನು ಆಗಲೇ ಅರ್ಧ ಪೇಟೆಗೆ ಹೇಳಿದ್ದ. ಪುಣ್ಯಕ್ಕೋ ಪಾಪಕ್ಕೋ, ಭಾವ ಮನೆಯಲ್ಲೇ ಕ್ಷೌರ ಮಾಡಿಕೊಳ್ಳುವವರು.

ಬೆಳಗ್ಗೆ ಏಳಕ್ಕೆ ನಾಲ್ಕು ನೀಲಿ ಟಾರ್ಪಾಲುಗಳನ್ನು ಮರಗಳ ಕೆಳಗೆ ಹಾಸಿದ. ಹಿತ್ತಾಳೆಯ ರಿಂಗುಗಳಿಗೆ ಗೂಟ ಹೊಡೆದು, ಎಲ್ಲೂ ಸುಕ್ಕಿಲ್ಲದ ಹಾಗೆ ಎಳೆದ. ಅವನು ಹಾಸಿದ್ದರಲ್ಲಿ ಸುಕ್ಕು ಇರುವುದಿಲ್ಲ. ಬಂದೂಕಿನವರು ಆರು ಜನ ಬಂದರು, ಹರಟುತ್ತ ಕಿವಿಗೆ ಹತ್ತಿ ತುರುಕಿಕೊಂಡರು.

ಮೊದಲ ಸುತ್ತಿಗೆ ಆಕಾಶವೇ ಕಪ್ಪಾಗಿ ಎದ್ದಿತು. ಎದ್ದವು ಹೋಗಲಿಲ್ಲ, ಅಲ್ಲೇ ಸುತ್ತಿದವು. ಬಿಟ್ಟುಹೋಗುವುದಕ್ಕೆ ಅವಕ್ಕೆ ಬೇರೆ ಮರ ಎಲ್ಲಿತ್ತು? ಎರಡನೆಯ ಸುತ್ತು, ಮೂರನೆಯ ಸುತ್ತು. ಟಾರ್ಪಾಲಿನ ಮೇಲೆ ಧಬ್ ಧಬ್ ಅಂತ ಬೀಳತೊಡಗಿದವು. ಹಣ್ಣು ಉದುರಿದ ಸದ್ದೇ. ಬಿದ್ದದ್ದೆಲ್ಲ ಸತ್ತಿರಲಿಲ್ಲ. ರೆಕ್ಕೆ ಹರಿದವು ಬಟ್ಟೆಯ ಮೇಲೆ ಉಗುರಿನಿಂದ ಪರಪರ ಗೀರುತ್ತ ಅಂಚಿನ ಕಡೆ ತೆವಳಿದವು. ನಾಯಿಯ ಮುಖದಂಥ ಮುಖ, ದುಂಡು ಕಣ್ಣು. ಹತ್ತಿರದಿಂದ ಅವನು ಅವುಗಳ ಮುಖ ನೋಡಿದ್ದು ಅದೇ ಮೊದಲು.

ಒಂಬತ್ತು ಗಂಟೆಗೆ ಮೇಸ್ತ್ರಿ ಕೂಗಿದ. "ಸಾಕು ಸಾಕು, ಮೊದಲನೇದು ಮಡಚಪ್ಪಾ, ಗಾಡಿ ಕಾಯ್ತಾ ಇದೆ. ಹಾಗೇ ಗಂಟು ಮಾಡಿ ಎಸಿ."

ಟಾರ್ಪಾಲು ಮಡಚುವುದಕ್ಕೆ ಒಂದು ಕ್ರಮವಿದೆ. ನಾಲ್ಕು ಮೂಲೆ ಒಳಕ್ಕೆ ತರಬೇಕು, ಆಮೇಲೆ ಅರ್ಧಕ್ಕೆ, ಮತ್ತೆ ಅರ್ಧಕ್ಕೆ. ಕೊನೆಗೆ ಮೇಲೆ ಮಂಡಿಯೂರಿ, ಒಂದು ತುದಿಯಿಂದ ಇನ್ನೊಂದು ತುದಿಗೆ ಭಾರ ಬಿಟ್ಟುಕೊಂಡು ಹೋಗಿ ಒಳಗಿನ ಗಾಳಿ ಹೊರಡಿಸಬೇಕು. ಇಪ್ಪತ್ತೆರಡು ವರ್ಷದಲ್ಲಿ ಅದನ್ನು ಅವನು ಎಷ್ಟು ಸಾವಿರ ಸಲ ಮಾಡಿದ್ದನೋ. ಕೈಕಾಲಿಗೆ ತಲೆಯ ಅಪ್ಪಣೆಯೇ ಬೇಕಿರಲಿಲ್ಲ. ಮೂಲೆ ತಂದ, ಅರ್ಧ ಮಾಡಿದ, ಮತ್ತೆ ಅರ್ಧ ಮಾಡಿದ, ಮಂಡಿಯೂರಿದ.

ಒಳಗಿನಿಂದ ಗಾಳಿಯ ಜೊತೆ ಒಂದು ಸದ್ದು ಬಂತು. ಒಂದಲ್ಲ, ಹಲವು. ಸಣ್ಣ ಚಿಲಿಪಿಲಿ, ಹಸುಗೂಸು ನಿದ್ದೆಯಲ್ಲಿ ಚೀಪುವಾಗ ಮಾಡುವಂಥದ್ದು. ಅವನ ಬಲಮಂಡಿಯ ಕೆಳಗೆ ಏನೋ ಮಿಸುಕಿ, ಮೆತ್ತಗಾಗಿ, ಸುಮ್ಮನಾಯಿತು.

ಬಿಚ್ಚಬೇಕಿತ್ತು. ಬಿಚ್ಚಿ ನೋಡಬೇಕಿತ್ತು. ಅವನು ಬಿಚ್ಚಲಿಲ್ಲ. ಮೇಸ್ತ್ರಿ ನೋಡುತ್ತಿದ್ದ, ಬಂದೂಕಿನವರು ನೋಡುತ್ತಿದ್ದರು. ಬಿಚ್ಚಿದರೆ 'ಏನಾಯ್ತಯ್ಯಾ?' ಅಂತ ನಗುತ್ತಾರೆ ಅನ್ನಿಸಿತು. ನಗುವಿಗೆ ಹೆದರಿದ. ಎರಡನೆಯ ಮಂಡಿಯನ್ನೂ ಊರಿ, ಆ ತುದಿಯವರೆಗೂ ಹೋಗಿ, ಹಗ್ಗ ಬಿಗಿದು ಗಾಡಿಗೆ ಎತ್ತಿಕೊಟ್ಟ. ಉಳಿದ ಮೂರನ್ನು ಮಡಚುವಾಗ ಮಂಡಿಯೂರಲಿಲ್ಲ. ಅದರಿಂದ ಯಾರಿಗೆ ಏನು ಉಪಕಾರವಾಯಿತೋ ದೇವರೇ ಬಲ್ಲ.

ಗಾಡಿಯವರು ಹೆಣ ಸುರಿದು ವಾಪಸು ಕೊಟ್ಟ ಟಾರ್ಪಾಲುಗಳನ್ನು ಮನೆಗೆ ತಂದು ಹಿತ್ತಲಲ್ಲಿ ತೊಳೆದ. ಹೆಂಡತಿ ಸಾಬೂನು ಕೊಡಲು ಬಂದವಳು ನೀರಿನ ಬಣ್ಣ ನೋಡಿ ಸಾಬೂನನ್ನು ಕಲ್ಲಿನ ಮೇಲೆ ಇಟ್ಟು ಒಳಗೆ ಹೋದಳು. "ಊಟ ಬೇಡ," ಅಂದ. "ನಾನು ಕರೆದೇ ಇಲ್ಲವಲ್ಲ," ಅಂದಳು ಒಳಗಿನಿಂದ.

ಅವತ್ತೇ ಮಧ್ಯಾಹ್ನ ಭಾವ ಅಕ್ಕ ಇಬ್ಬರೂ ಅಂಗಡಿಗೆ ಬಂದರು. ಭಾವನ ಕೈಯಲ್ಲಿ ತರಕಾರಿ ಬುಟ್ಟಿ, ಅದರ ಮೇಲೆ ಒದ್ದೆ ಟವೆಲು. ಟವೆಲು ಸರಿಸಿದರೆ ಮೂರು ಮರಿ. ಕಣ್ಣು ಬಿಟ್ಟಿದ್ದವು, ಒಂದನ್ನೊಂದು ತಬ್ಬಿಕೊಂಡಿದ್ದವು.

"ಗೋದಾಮಿನ ಬೇಲಿ ಹತ್ರ ಸಿಕ್ಕಿದ್ವು," ಅಂದರು ಭಾವ. "ಮಲಗಿಸಿದ್ರೆ ಹಾಲು ಇಳಿಯಲ್ಲ ಕಣೋ. ಜೋತಾಡಬೇಕು. ಏನಾದ್ರೂ ಬಲೆಯ ಚೂರು ಹೊಲಿದುಕೊಡ್ತೀಯಾ? ತಾಯಿ ಎದೆ ಅಂತ ಹಿಡ್ಕೊಂಡಿರ್ಲಿ."

ಅವನು ತಲೆಯೆತ್ತದೆ ಕೂತು ಹೊಲಿದ. ಮೆತ್ತನೆಯ ಬಲೆಗೆ ಹಳೆಯ ಕಂಬಳಿಯ ಅಸ್ತರಿ, ಮೇಲೊಂದು ಕೊಕ್ಕೆ. ದಬ್ಬಳ ಎರಡು ಸಲ ಬೆರಳಿಗೆ ಚುಚ್ಚಿತು. ಮರಿಯೊಂದನ್ನು ಎತ್ತಿ ಬಲೆಗೆ ತಾಗಿಸಿದ ಕೂಡಲೇ ಅದು ಕಾಲಿನಿಂದ ಕಚ್ಚಿ ಹಿಡಿದು ತಲೆಕೆಳಗಾಗಿ ತೂಗಿತು, ರೆಕ್ಕೆ ಸುತ್ತಿಕೊಂಡಿತು.

"ನೋಡೇ, ನೋಡೇ!" ಅಂದರು ಭಾವ ಅಕ್ಕನಿಗೆ, ಕಣ್ಣು ತುಂಬಿಕೊಂಡು. "ಮೂವತ್ತೇಳು ಜನರಲ್ಲಿ ಒಬ್ಬ. ಇಂಥೋನು ಇದ್ದಾನೆ ಅಂತಲೇ ನನಗೆ ಧೈರ್ಯ."

ಭೂಮಿ ಬಾಯಿ ಬಿಟ್ಟಿದ್ದರೆ ಟಾರ್ಪಾಲಿನವನು ಮೆಷಿನ್ನಿನ ಸಮೇತ ಇಳಿದುಹೋಗುತ್ತಿದ್ದ.

ಭಾವ ಬುಟ್ಟಿ ಹಿಡಿದು ಹೊರಗೆ ನಡೆದರು. ಅಕ್ಕ ಹಿಂದೆ ಉಳಿದಳು. ದನಿ ತಗ್ಗಿಸಿ ಕೇಳಿದಳು, "ಬೆಳಗ್ಗೆ ಟಾರ್ಪಾಲು ಯಾರದು?"

"ನಂದು."

"ಕೈ?"

ಅವನು ದಾರದ ಉಂಡೆಯನ್ನು ತಿರುಗಿಸುತ್ತ ಕೂತ.

"ಇಪ್ಪತ್ತೆರಡು ವರ್ಷ ಆ ಹೆಸರಿಗೆ ಒಳಗೊಳಗೇ ಕುದ್ದೆ ಅಂತ ನನಗೆ ಗೊತ್ತಿಲ್ವೇನೋ? ನಾನೂ ನಕ್ಕಿದ್ದೆ, ಅದು ನನ್ನ ತಪ್ಪು. ಆದ್ರೆ ಬೈಬೇಕಿತ್ತು ಅವರಿಗೆ. ಎದುರಿಗೆ ನಿಂತು 'ಹಾಗೆ ಕರೀಬೇಡಿ ಭಾವ' ಅಂತ ಒಂದು ಮಾತು ಅಂದಿದ್ರೆ ಅವತ್ತೇ ಬಿಡ್ತಿದ್ರು ಆ ಮನುಷ್ಯ. ಅಷ್ಟು ಹೇಳೋಕಾಗದೆ..." ಅವಳು ಮರಗಳ ದಿಕ್ಕಿಗೆ ಕೈ ತೋರಿಸಿದಳು. ಆಮೇಲೆ ಅಂದಳು, "ನಾನು ಹೇಳಲ್ಲ. ಹೇಳಬೇಕಾದೋನು ನೀನು."

"ಹೇಳ್ತೀನಿ ಅಕ್ಕಾ."

ಮರಿಗಳಲ್ಲಿ ಒಂದೂ ಉಳಿಯಲಿಲ್ಲ. ಮೊದಲ ಎರಡು ನಾಲ್ಕೇ ದಿನಕ್ಕೆ, ಕೊನೆಯದು ಹನ್ನೊಂದನೆಯ ದಿನ. ಅದು ಸತ್ತ ಮೇಲೂ ಬಲೆಯನ್ನು ಬಿಟ್ಟಿರಲಿಲ್ಲವಂತೆ. ಭಾವ ಬಲೆಯ ಸಮೇತ ಹೂತರು. ಅವತ್ತು ಹೇಳಬೇಕೆಂದು ಅವನು ಅವರ ಮನೆ ತನಕ ಹೋಗಿದ್ದ. ಭಾವ ಗುದ್ದಲಿ ಹಿಡಿದು ನಿಂತದ್ದು ಕಂಡು, ಇಂಥ ಹೊತ್ತಿನಲ್ಲಿ ಬೇಡ ಅಂದುಕೊಂಡು ಗುದ್ದಲಿ ಇಸಿದುಕೊಂಡು ತಾನೇ ಗುಂಡಿ ತೋಡಿದ. ಅದಕ್ಕೂ ಭಾವ ಹೊಗಳಿದರು.

ಮರುವರ್ಷ ಹಣ್ಣಿನ ಕಾಲಕ್ಕೆ ಮೂರು ಮರಗಳೂ ಮತ್ತೆ ತುಂಬಿದ್ದವು. ಎಲ್ಲಿಂದ ಬಂದವೋ. ಸೀಬೆ ತೋಟದವಳ ಹಣ್ಣು ಆ ವರ್ಷವೂ ಹೋಯಿತು. ಮತ್ತೆ ಸಭೆ, ಮತ್ತೆ ಅದೇ ಭವನ. ಈ ಸಲ ಯಾರೂ ಬಂದೂಕಿನ ಮಾತೆತ್ತಲಿಲ್ಲ, ಬಲೆಯೇ ಆಗಲಿ ಅಂದರು. ಯಾರ ಕೈಯಲ್ಲಿ ಹೊಲಿಸುವುದು ಅನ್ನುವ ಪ್ರಶ್ನೆ ಬಂದಾಗ ಭಾವ ಎದ್ದರು.

"ಹೋದ ವರ್ಷ ಮೊದಲ ದಿನದಿಂದ ಬಾವಲಿಗಳ ಪರ ನಿಂತೋನು ಒಬ್ಬ ಇದ್ದಾನೆ. ಮರಿಗೆ ಕೈಯಾರೆ ತೊಟ್ಟಿಲು ಹೊಲಿದೋನು, ಸತ್ತಾಗ ಗುಂಡಿ ತೋಡಿದೋನು. ಈ ಕೆಲಸಕ್ಕೆ ಅವನಿಗಿಂತ ಅರ್ಹ ಯಾರಿದ್ದಾರೆ?"

ಈ ಸಲ ಆ ಹೆಸರು ಹಿಡಿದು ಕರೆಯಲಿಲ್ಲ. ಅಕ್ಕ ಏನು ಹೇಳಿದ್ದಳೋ, ಅಪ್ಪ ಅಮ್ಮ ಇಟ್ಟ ಹೆಸರನ್ನೇ, ಪೂರ್ತಿಯಾಗಿ, ಒತ್ತಿ ಉಚ್ಚರಿಸಿದರು. ಜನ ಚಪ್ಪಾಳೆ ತಟ್ಟಿದರು. ಕ್ಷೌರದವನು ಬಾಗಿ ಕಿವಿಯಲ್ಲಿ ಉಸುರಿದ, "ಏನಯ್ಯಾ, ಹೋದ ಸಲ ಎರಡು ಕೈ ಎತ್ತಿದ್ಯಾ? ಒಂದು ಆ ಕಡೆಗೆ, ಒಂದು ಈ ಕಡೆಗೆ?"

ಟಾರ್ಪಾಲಿನವನಿಗೆ ಸಿಟ್ಟು ಬರಲಿಲ್ಲ. ಬರಬೇಕಿತ್ತು, ಹುಡುಕಿದ, ಸಿಗಲಿಲ್ಲ. ಚಪ್ಪಾಳೆ ನಿಲ್ಲುವ ತನಕ ತನ್ನ ಚಪ್ಪಲಿಯ ತುದಿಯನ್ನೇ ನೋಡುತ್ತ ನಿಂತಿದ್ದ.

ಕೆಲಸ ಅವನಿಗೇ ಬಂತು. ಎರಡು ಮೆಷಿನ್ನು ಹೆಚ್ಚಾದವು. ಸೀಬೆ ತೋಟಕ್ಕೆ ಮೊದಲು ಬಲೆ ಕಟ್ಟಿದ. ಅವಳು ಒಂದು ಬುಟ್ಟಿ ಹಣ್ಣು ತಂದಿಟ್ಟರೆ ಮುಟ್ಟದೆ, ಹೆಂಡತಿಯ ಕೈಗೆ ಕೊಟ್ಟು, ಭಾವನ ಮನೆಗೆ ಕಳಿಸು ಅಂದ. ಅಕ್ಕ ಬುಟ್ಟಿಯನ್ನು ಹಾಗೇ ವಾಪಸು ಕಳಿಸಿದಳು. ಹಣ್ಣಿನಲ್ಲಿ ತೀರುವಂಥದ್ದಲ್ಲ ಅಂತ ಹೇಳಿಕಳಿಸಲೂ ಇಲ್ಲ, ಬುಟ್ಟಿಯೇ ಹೇಳಿತು.

ಭಾವ ಈಗಲೂ ಭಾನುವಾರ ಅಂಗಡಿಗೆ ಬರುತ್ತಾರೆ. ಬಲೆಯ ಸುರುಳಿಯ ಮೇಲೆ ಕೂತು ಚಹಾ ಕುಡಿಯುತ್ತಾರೆ. ಮಂಡಿ ನೋವಿದೆ, ಮೆಟ್ಟಿಲು ಹತ್ತುವಾಗ ಅವನ ಹೆಗಲು ಹಿಡಿದುಕೊಳ್ಳುತ್ತಾರೆ.

"ಭಾವಾ, ಒಂದು ಮಾತು."

"ಏನೋ?"

"ಏನಿಲ್ಲ. ಚಹಾಕ್ಕೆ ಸಕ್ಕರೆ ಸಾಕಾ?"

"ನಾನು ಸಕ್ಕರೆ ಬಿಟ್ಟು ಎಷ್ಟು ವರ್ಷ ಆಯ್ತೋ, ನಿನಗೆ ಗೊತ್ತಿಲ್ವಾ?"

"ಮರೆತೆ ಭಾವಾ."

ಅವರು ನಕ್ಕು, ಲೋಟ ಖಾಲಿ ಮಾಡಿ, ಅವನ ಹೆಗಲು ಹಿಡಿದು ಮೆಟ್ಟಿಲು ಇಳಿಯುತ್ತಾರೆ. ಬೀದಿಯ ಆ ಬದಿಯಲ್ಲಿ ಅಕ್ಕ ಕೊಡೆ ಹಿಡಿದು ಕಾಯುತ್ತಿರುತ್ತಾಳೆ. ಗಂಡನ ತಲೆಯ ಮೇಲಿನಿಂದ ತಮ್ಮನ ಕಡೆಗೆ ಹುಬ್ಬೇರಿಸುತ್ತಾಳೆ: ಹೇಳಿದೆಯಾ? ಅವನು ತಲೆಯಾಡಿಸುತ್ತಾನೆ: ಇಲ್ಲ. ಅವಳು ಕೊಡೆಯನ್ನು ಗಂಡನ ಕಡೆಗೆ ವಾಲಿಸಿಕೊಂಡು ನಡೆಯುತ್ತಾಳೆ. ಭಾವನಿಗೆ ಹೇಳಬೇಕಾದ ಆ ಒಂದು ಮಾತು ಅವನ ಹತ್ತಿರವೇ ಉಳಿದಿದೆ.